ವಿಪಿಎನ್ ಫೈಲ್ ಹಾಕಿಕೊಂಡರೆ ನೆಟ್ ಫ್ರೀ ಆಗುತ್ತದೆಯೇ?

“ಈ ಫೈಲನ್ನು ಓಪನ್‌ವಿಪಿಎನ್ ಆಪ್‌ಗೆ ಹಾಕಿ, ತಿಂಗಳಿಡೀ ನೆಟ್ ಫ್ರೀ” ಎನ್ನುವ ಬಗೆಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜೊತೆಗೊಂದು ಪುಟ್ಟ ಫೈಲ್, ಹೆಸರಿನ ಕೊನೆಗೆ ‘ಡಾಟ್ ಓವಿಪಿಎನ್’. ಫೈಲೇನೋ ನಿಜವಾದದ್ದೇ. ಮನೆಯಿಂದ ಕೆಲಸ ಮಾಡುವವರಿಗೆ ಕಚೇರಿಗಳು ಕೊಡುವುದೂ ಇಂಥದ್ದನ್ನೇ. ಸುಳ್ಳಿರುವುದು ‘ಫ್ರೀ’ ಎಂಬ ಮಾತಿನಲ್ಲಿ.

ಫೈಲಿನೊಳಗೆ ಏನಿರುತ್ತದೆ?

ಅದು ಆಪ್ ಅಲ್ಲ, ಬರೀ ಅಕ್ಷರಗಳ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ‘ರಿಮೋಟ್’ ಎಂದು ಶುರುವಾಗುವ ಸಾಲಿನಲ್ಲಿ ಸರ್ವರ್‌ನ ವಿಳಾಸ ಮತ್ತು ಪೋರ್ಟ್ ಸಂಖ್ಯೆ (ಹೆಚ್ಚಾಗಿ 1194) ಇರುತ್ತವೆ. ಕೆಳಗೆ ಸರ್ಟಿಫಿಕೇಟ್, ಎಷ್ಟೋ ಸಲ ಪ್ರೈವೇಟ್ ಕೀ ಕೂಡ. ಮನೆ ವಿಳಾಸದ ಚೀಟಿಗೆ ಬೀಗದ ಕೈಯನ್ನೂ ಕಟ್ಟಿಕೊಟ್ಟ ಹಾಗೆ. ಆಪ್ ಇದನ್ನು ಓದಿ ನಿಮ್ಮ ಫೋನಿನಿಂದ ಆ ಸರ್ವರ್‌ವರೆಗೆ ಗುಟ್ಟಿನ ಸುರಂಗವೊಂದನ್ನು ಹಾಕುತ್ತದೆ. ಆ ಸುರಂಗ ಸಾಗುವುದು ನಿಮ್ಮದೇ ಸಿಮ್‌ನ ಡೇಟಾದಲ್ಲಿ. ಹಾಗಾಗಿ ಡೇಟಾ ಉಳಿಯುವ ಮಾತೇ ಇಲ್ಲ, ತುಸು ಹೆಚ್ಚೇ ಖರ್ಚಾಗುತ್ತದೆ.

ಸುರಂಗದ ಆ ತುದಿಯಲ್ಲಿ ಯಾರಿದ್ದಾರೆ?

ಕೇಳಬೇಕಾದ ಪ್ರಶ್ನೆ ಇದು. ನೀವು ಯಾವ ಯಾವ ತಾಣಕ್ಕೆ ಹೋಗುತ್ತೀರಿ ಎಂಬುದು ಸರ್ವರ್ ಇಟ್ಟವರಿಗೆ ಗೊತ್ತಾಗುತ್ತದೆ. ಬ್ಯಾಂಕ್ ಪಾಸ್‌ವರ್ಡ್ ತಕ್ಷಣ ಕಳುವಾಗುತ್ತದೆ ಎನ್ನುವುದು ಮಾತ್ರ ಉತ್ಪ್ರೇಕ್ಷೆ. ಎಚ್‌ಟಿಟಿಪಿಎಸ್ ಇರುವ ತಾಣದಲ್ಲಿ ನೀವು ಟೈಪ್ ಮಾಡಿದ್ದು ಅವರಿಗೆ ಕಾಣದು. ಆದರೆ ಸಂದೇಶವು ‘ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಈ ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿ’ ಎಂದೂ ಹೇಳಿದ್ದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಹಾಕಿದರೆ ಬ್ರೌಸರ್‌ನಲ್ಲಿ ಆ ರಕ್ಷಣೆಯೂ ಹೋಗಬಹುದು. ಕಂಪ್ಯೂಟರ್‌ನಲ್ಲಿ ಅಪಾಯ ಇನ್ನೂ ಹೆಚ್ಚು. ಸಂಪರ್ಕವಾದ ಕೂಡಲೇ ಬೇರೆ ಕಮಾಂಡ್ ಓಡಿಸುವ ಸಾಲನ್ನೂ ಈ ಫೈಲಿನಲ್ಲಿ ಸೇರಿಸಲು ಬರುತ್ತದೆ.

ವಿಪಿಎನ್ ಬಳಸುವುದೇ ಅಪರಾಧ ಎಂಬ ಫಾರ್ವರ್ಡ್ ಕೂಡ ಸರಿಯಲ್ಲ. ಭಾರತದಲ್ಲಿ ದೇಶವ್ಯಾಪಿ ನಿಷೇಧವಿಲ್ಲ. ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ವಿಪಿಎನ್ ಸೇವೆ ಕೊಡುವ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಎನ್ನುತ್ತದೆ, ಅಷ್ಟೆ.

ಕಚೇರಿ ಕೊಟ್ಟ ಫೈಲ್ ಕೆಲಸ ಮಾಡುತ್ತಿಲ್ಲವೇ?

ಅಳಿಸಿ ಮತ್ತೆ ಹಾಕುವ ಮುನ್ನ ಆಪ್‌ನ ಲಾಗ್ ಓದಿ. ಕಾರಣ ಹೆಚ್ಚಾಗಿ ಅಲ್ಲೇ ಬರೆದಿರುತ್ತದೆ. ‘ಆಥ್ ಫೇಲ್ಡ್’ ಎಂದಿದ್ದರೆ ತೊಂದರೆ ಸಾಮಾನ್ಯವಾಗಿ ಹೆಸರು ಅಥವಾ ಪಾಸ್‌ವರ್ಡಿನದು, ಫೈಲನ್ನು ಹತ್ತು ಸಲ ಹಾಕಿದರೂ ಪ್ರಯೋಜನವಿಲ್ಲ. ‘60 ಸೆಕೆಂಡಿನಲ್ಲಿ ಟಿಎಲ್‌ಎಸ್ ಮಾತುಕತೆ ನಡೆಯಲಿಲ್ಲ’ ಎಂಬರ್ಥದ ಸಾಲಿದ್ದರೆ ಸರ್ವರ್ ನಿಮಗೆ ಸಿಗುತ್ತಲೇ ಇಲ್ಲ. ಹಾಸ್ಟೆಲ್, ಹೋಟೆಲ್‌ಗಳ ವೈಫೈ ಯುಡಿಪಿ ಸಂಚಾರವನ್ನು ತಡೆದಿರಬಹುದು. ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ. ಅಲ್ಲಿ ಸರಿಹೋದರೆ, ಟಿಸಿಪಿ 443 ಪೋರ್ಟ್ ಬಳಸುವ ಫೈಲ್ ಇದೆಯೇ ಎಂದು ಐಟಿ ವಿಭಾಗದವರನ್ನು ಕೇಳಿ. ಸರ್ಟಿಫಿಕೇಟ್ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದರೆ ಮೊದಲು ಫೋನಿನ ದಿನಾಂಕ ನೋಡಿ, ‘ಅವಧಿ ಮುಗಿದಿದೆ’ ಎಂದರೆ ದಿನಾಂಕ ಸರಿಯಿದೆಯೆಂದು ಖಚಿತಪಡಿಸಿಕೊಂಡು ಹೊಸ ಫೈಲ್ ಕೇಳಿ.

ಆಪ್‌ಗೆ ಫೈಲ್ ಕಾಣದೇ ಇದ್ದರೆ ಹೆಸರಿನ ತುದಿಗೆ ‘ಡಾಟ್ ಟಿಎಕ್ಸ್‌ಟಿ’ ಅಂಟಿಕೊಂಡಿದೆಯೇ ನೋಡಿ. ಒಳಗಿನ ಸಾಲುಗಳನ್ನು ಕಾಪಿ ಮಾಡಿ ಚಾಟ್‌ನಲ್ಲಿ ಕಳಿಸುವ ಅಭ್ಯಾಸವೂ ಬೇಡ. ಸರ್ಟಿಫಿಕೇಟಿನ ಒಂದು ಗೆರೆ ಕೈಬಿಟ್ಟರೂ ಎಲ್ಲ ಕೆಡುತ್ತದೆ.

ಬಹಳ ಜನರನ್ನು ಗೊಂದಲಕ್ಕೆ ತಳ್ಳುವುದು ಇನ್ನೊಂದು: ಸಂಪರ್ಕ ಆಗುತ್ತದೆ, ಸ್ವಲ್ಪ ಹೊತ್ತಿಗೆ ಬಿಡುತ್ತದೆ, ಮತ್ತೆ ಆಗುತ್ತದೆ. ನೆಟ್‌ವರ್ಕನ್ನು ಬೈಯುವ ಮೊದಲು, ಅದೇ ಫೈಲ್ ಸಹೋದ್ಯೋಗಿಯ ಫೋನಿನಲ್ಲೂ ಇದೆಯೇ ಕೇಳಿ. ಓಪನ್‌ವಿಪಿಎನ್ ಸರ್ವರ್‌ಗೆ ಒಂದೇ ಸರ್ಟಿಫಿಕೇಟಿನ ಇಬ್ಬರು ಬಂದರೆ, ಬೇರೆ ಸೆಟ್ಟಿಂಗ್ ಮಾಡಿರದಿದ್ದಲ್ಲಿ ಅದು ಹಳಬರನ್ನು ಹೊರಹಾಕುತ್ತದೆ. ಅವರ ಆಪ್ ಮತ್ತೆ ಸೇರಿ ನಿಮ್ಮನ್ನು ಹೊರಹಾಕುತ್ತದೆ. ಈ ಹಗ್ಗಜಗ್ಗಾಟ ದಿನವಿಡೀ ನಡೆಯುತ್ತದೆ! ಒಬ್ಬರಿಗೊಂದು ಫೈಲ್, ಸಾಧ್ಯವಾದರೆ ಸಾಧನಕ್ಕೊಂದು.

ಕಚೇರಿಯ ಫೈಲನ್ನು ಈಗಾಗಲೇ ಯಾರಿಗಾದರೂ ಫಾರ್ವರ್ಡ್ ಮಾಡಿದ್ದರೆ, ‘ಡಿಲೀಟ್ ಫಾರ್ ಎವ್ರಿಒನ್’ ಸಾಲದು, ಅವರು ಉಳಿಸಿಕೊಂಡಿರಬಹುದು. ಐಟಿ ವಿಭಾಗಕ್ಕೆ ಅಂದೇ ತಿಳಿಸಿ. ಅವರು ಆ ಸರ್ಟಿಫಿಕೇಟನ್ನು ರದ್ದುಮಾಡಿ ನಿಮಗೆ ಹೊಸ ಫೈಲ್ ಕೊಡುತ್ತಾರೆ.