ಒಂದೇ ಅಂಗಡಿಯ ಕರಾರು

ಗ್ರಂಥವನ್ನು ಬರೆದು ಮುಗಿಸಿದ ಮೇಲೆ ಅದನ್ನು ವಾಚಕರ ಕೈಗೆ ಮುಟ್ಟಿಸುವುದೆಂತೆಂಬ ಚಿಂತೆಯು ಕನ್ನಡ ಗ್ರಂಥಕರ್ತರಿಗೆ ಹೊಸತಲ್ಲ. ಇ-ಪುಸ್ತಕವೆಂಬ ಹೊಸ ಸಾಧನವು ಬಂದ ಮೇಲೆ ಆ ಚಿಂತೆಯು ತೀರಿತೆಂದು ಅನೇಕರು ಭಾವಿಸಿದರು. ಕಾಗದದ ಬೆಲೆಯಿಲ್ಲ, ಅಚ್ಚುಕೂಟದ ಸಾಲವಿಲ್ಲ. ಚಾರ್ಮಾಡಿ ಘಾಟಿಯ ತಪ್ಪಲಿನ ಮುಂಡಾಜೆಯಲ್ಲಿ ಕುಳಿತವನೂ ತನ್ನ ಪುಸ್ತಕವನ್ನು ತಾನೇ ಪ್ರಕಟಿಸಿ ಪರದೇಶದಲ್ಲಿರುವ ಕನ್ನಡಿಗನಿಗೆ ಕ್ಷಣಮಾತ್ರದಲ್ಲಿ ಮಾರಬಹುದು. ಆದರೆ ಮಾರುವ ಅಂಗಡಿಯವರು ಕೆಲವೊಮ್ಮೆ ಒಂದು ನಿಬಂಧನೆಯನ್ನು ಮುಂದಿಡುವರು: “ಈ ಪುಸ್ತಕವು ನಮ್ಮಲ್ಲಿ ಮಾತ್ರ ದೊರೆಯತಕ್ಕದ್ದು, ಹಾಗಾದರೆ ನಿಮಗೆ ಹೆಚ್ಚಿನ ಪಾಲು.” ಈ ಕರಾರಿಗೆ ರುಜು ಹಾಕುವುದು ಲೇಸೋ ಹಾಕದಿರುವುದು ಲೇಸೋ? ಪ್ರಶ್ನೆಯ ಹೆಸರು ಹೊಸತಾದರೂ ಹುರುಳು ಹಳೆಯದು. ಆದುದರಿಂದ ನಮ್ಮ ಸೀಮೆಯ ಚರಿತ್ರೆಯನ್ನು ಕೊಂಚ ತಿರುವಿ ನೋಡುವುದು ಉಚಿತವಾಗಿದೆ.

ಮೊದಲು ಮೂಡಬಿದಿರೆಯ ಕಡೆಗೆ ನೋಡೋಣ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ಜೈನಾಗಮದ ಮಹಾಗ್ರಂಥಗಳು ತಾಳೆಯೋಲೆಯ ಮೇಲೆ ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಪರ್ಯಂತ ರಕ್ಷಿತವಾಗಿ ಉಳಿದುವು. ಭರತಖಂಡದಲ್ಲಿ ಬೇರೆಲ್ಲಿಯೂ ಆ ಗ್ರಂಥಗಳು ದೊರೆಯದಂತಾಗಿದ್ದ ಕಾಲದಲ್ಲಿ ಯಾತ್ರಿಕರು ಅವುಗಳ ದರ್ಶನವನ್ನು ಪಡೆದು ಹಿಂದಿರುಗುತ್ತಿದ್ದರೇ ಹೊರತು ಓದುವ ಸೌಭಾಗ್ಯವು ಅವರಿಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರತಿಲೇಖನದ ಕಾರ್ಯವು ತೊಡಗಿ, ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲವು ಅಚ್ಚಾಗಿ ಹೊರಬರತೊಡಗಿದ ಮೇಲೆಯೇ ವಿದ್ವಾಂಸರು ಅದನ್ನು ವಿಚಾರಿಸುವಂತಾಯಿತು. ಒಂದೇ ಕಡೆ ಇದ್ದುದರಿಂದ ಗ್ರಂಥವು ಉಳಿಯಿತು. ಒಂದೇ ಕಡೆ ಇದ್ದುದರಿಂದಲೇ ಅದು ಮರೆಯಲ್ಲಿಯೂ ಉಳಿಯಿತು. ಭದ್ರತೆ ಮತ್ತು ಪ್ರಸಾರ ಇವೆರಡೂ ಬೇರೆ ಬೇರೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ನಿದರ್ಶನವು ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಮುದ್ರಣವು ಬಂದ ಬಳಿಕ ಪರಿಸ್ಥಿತಿಯು ಬದಲಾಯಿತು. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ೧೮೪೩ರಲ್ಲಿ ಹೆರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವೂ ೧೮೯೪ರಲ್ಲಿ ಕಿಟ್ಟೆಲ್ಲರ ನಿಘಂಟೂ ಈ ಊರಿನಿಂದಲೇ ಹೊರಬಂದುವು. ಆದರೆ ಅಚ್ಚಿನ ಮನೆಯು ಹತ್ತಿರವಿದ್ದ ಮಾತ್ರಕ್ಕೆ ಬಡ ಗ್ರಂಥಕರ್ತನ ಕಷ್ಟವು ಪರಿಹಾರವಾಗಲಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನ ಕಥೆಯನ್ನು ವಾಚಕರು ಬಲ್ಲರು. ‘ಮುದ್ದಣ’ನೆಂದು ನಾವು ಕೊಂಡಾಡುವ ಆ ಉಪಾಧ್ಯಾಯರು ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ರಾಮಾಶ್ವಮೇಧ’ಗಳನ್ನು ರಚಿಸಿ, ಹಳೆಯ ಕವಿಯ ಕೃತಿಗಳೆಂಬ ನೆವದಿಂದ ಮೈಸೂರಿನ ಕಾವ್ಯಮಾಲೆಗಳಿಗೆ ಕಳುಹಿಸಿದರು. ಪ್ರಾಚೀನ ಕಾವ್ಯಗಳಿಗೆ ತೆರೆದಿದ್ದ ಬಾಗಿಲಿನಿಂದ ಪುಸ್ತಕಗಳು ಒಳಹೊಕ್ಕುವು; ಕರ್ತೃವಿನ ಹೆಸರು ಹೊರಗುಳಿಯಿತು. ೧೯೦೧ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲಿಯೇ, ಅವರು ತೀರಿಕೊಂಡರು. ಅವರೇ ಕರ್ತೃವೆಂಬುದು ನಾಡಿಗೆ ನಿಶ್ಚಯವಾದುದು ತರುವಾಯ. ಪ್ರಕಟಣೆಗೆ ಒಂದೇ ದಾರಿಯಿದ್ದಲ್ಲಿ ಗ್ರಂಥಕರ್ತನು ಎಷ್ಟನ್ನು ಬಿಟ್ಟುಕೊಡಬೇಕಾದೀತೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಮಾರ್ಗವನ್ನು ಹಿಡಿದವರೂ ಉಂಟು. ಧಾರವಾಡದ ಸೀಮೆಯಲ್ಲಿ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಜಿಲ್ಲೆಯಲ್ಲಿ ಶಿವರಾಮ ಕಾರಂತರು ಪುತ್ತೂರಿನ ಹರ್ಷ ಪ್ರಕಟಣಾಲಯದ ಮೂಲಕ ತಮ್ಮ ಅನೇಕ ಪುಸ್ತಕಗಳನ್ನು ತಾವೇ ಹೊರತಂದರು. ಬೇರೆ ಪ್ರಕಾಶಕರಿಗೂ ಪುಸ್ತಕಗಳನ್ನು ಕೊಟ್ಟರು. ಇವರ ಮಾರ್ಗದಲ್ಲಿ ಶ್ರಮವು ಅಧಿಕ. ಮಾರಾಟವಾಗದ ಪ್ರತಿಗಳು ಮನೆಯ ಜಗಲಿಯಲ್ಲಿ ರಾಶಿ ಬೀಳುವ ಭಯವೂ ಉಂಟು. ಆದರೆ ಪುಸ್ತಕದ ಮೇಲಣ ಹಕ್ಕು ಕೈ ತಪ್ಪಿ ಹೋಗುವುದಿಲ್ಲ.

ಹಕ್ಕೆಂಬುದು ಕಾಗದದ ಮೇಲಣ ಮಾತುಗಳನ್ನೇ ಅವಲಂಬಿಸಿರುವುದೆಂಬುದಕ್ಕೂ ಕಾರಂತರ ವಿಷಯದಲ್ಲಿಯೇ ಪ್ರಮಾಣವು ದೊರೆಯುತ್ತದೆ. ಅವರು ೧೯೯೪ರಲ್ಲಿ ಬರೆದ ಉಯಿಲಿನಲ್ಲಿ ತಮ್ಮ ಸಾಹಿತ್ಯಕೃತಿಗಳ ಹಕ್ಕನ್ನು ಮಾಲಿನಿ ಮಲ್ಯರಿಗೆ ಬಿಟ್ಟಿದ್ದರು. ಅವರ ಯಕ್ಷಗಾನ ನೃತ್ಯರೂಪಕಗಳು ಆ ಮಾತಿನೊಳಗೆ ಸೇರುವುವೇ ಎಂಬ ವ್ಯಾಜ್ಯವು ಮಣಿಪಾಲದ ಶಿಕ್ಷಣ ಸಂಸ್ಥೆಯೊಡನೆ ನಡೆದು ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ವರೆಗೆ ಮುಟ್ಟಿತು. ನೃತ್ಯರೂಪಕವು ನಾಟಕಕೃತಿಯೇ ಹೊರತು ಸಾಹಿತ್ಯಕೃತಿಯಲ್ಲವೆಂದೂ, ಉಯಿಲಿನಲ್ಲಿ ಮಿಕ್ಕುಳಿದ ಆಸ್ತಿಯನ್ನು ಕುರಿತಿದ್ದ ಕಲಮಿನ ಬಲದಿಂದ ಅದರ ಹಕ್ಕೂ ಅವರಿಗೇ ಸಲ್ಲುವುದೆಂದೂ ನಿರ್ಣಯವಾಯಿತು. ಇಂತಹ ಪ್ರಾಜ್ಞರ ಬರಹದಲ್ಲಿಯೇ ಒಂದು ಶಬ್ದದ ವ್ಯಾಪ್ತಿಗಾಗಿ ಇಷ್ಟು ವಾದವು ನಡೆಯಬಹುದಾದರೆ, ಯಂತ್ರದ ಪರದೆಯ ಮೇಲೆ ಓದದೆಯೇ “ಒಪ್ಪಿದೆ” ಎಂದು ಒತ್ತುವ ಕರಾರಿನ ವಿಷಯದಲ್ಲಿ ಎಷ್ಟು ಎಚ್ಚರಬೇಕು!

ಕಾಯಿದೆಯು ಗ್ರಂಥಕರ್ತನನ್ನು ಕೈಬಿಟ್ಟಿಲ್ಲ. ೧೯೧೪ರ ಕಾಯಿದೆಯ ಮೂಲಕ ಭಾರತಕ್ಕೆ ಅನ್ವಯವಾದ ೧೯೧೧ರ ಬ್ರಿಟಿಷ್ ಶಾಸನದಲ್ಲಿ, ಗ್ರಂಥಕರ್ತನು ಜೀವಮಾನದಲ್ಲಿ ಹಕ್ಕನ್ನು ಮಾರಿದ್ದರೂ ಅವನು ಗತಿಸಿ ೨೫ ವರ್ಷಗಳಾದ ಮೇಲೆ ಅದು ವಾರಸುದಾರರಿಗೆ ಮರಳಬೇಕೆಂಬ ನಿಯಮವಿತ್ತು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯೂ ಅದರ ತಿದ್ದುಪಡಿಗಳೂ ಬೇರೆ ರಕ್ಷಣೆಗಳನ್ನು ಒದಗಿಸಿವೆ. ಹಕ್ಕಿನ ವರ್ಗಾವಣೆಯು ಬರಹದಲ್ಲಿರಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ತಿಳಿಯತಕ್ಕದ್ದು. ೨೦೧೨ರ ತಿದ್ದುಪಡಿಯ ಮೇರೆಗೆ, ಬರೆದುಕೊಡುವ ಕಾಲಕ್ಕೆ ಬಳಕೆಯಲ್ಲೇ ಇಲ್ಲದ ಮಾಧ್ಯಮವನ್ನು ಸ್ಪಷ್ಟವಾಗಿ ಹೆಸರಿಸದೆ ಇದ್ದರೆ ಅದರ ಹಕ್ಕು ವರ್ಗವಾಗುವುದಿಲ್ಲ. ಆದರೆ ಈ ರಕ್ಷಣೆಗಳಲ್ಲಿ ಕೆಲವು ಕರಾರು ಮೌನವಾಗಿರುವಲ್ಲಿ ಮಾತ್ರ ನೆರವಿಗೆ ಬರುತ್ತವೆ. ಗ್ರಂಥಕರ್ತನೇ ಕಣ್ಣಾರೆ ಕಂಡು ದೀರ್ಘಾವಧಿಗೆ ಒಪ್ಪಿದಲ್ಲಿ ಕಾಯಿದೆಯು ಏನು ಮಾಡೀತು?

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಅಮೆಜಾನ್ ಸಂಸ್ಥೆಯ ಕಿಂಡಲ್ ಅಂಗಡಿಯ ‘ಸೆಲೆಕ್ಟ್’ ಯೋಜನೆಯು ಇಂತಹ ಕರಾರುಗಳಲ್ಲಿ ಪ್ರಖ್ಯಾತವಾದುದು. ಅದರ ಅವಧಿಯು ೯೦ ದಿನ. ಆ ದಿನಗಳಲ್ಲಿ ಇ-ಪುಸ್ತಕವನ್ನು ಬೇರೆಲ್ಲಿಯೂ, ತನ್ನ ಸ್ವಂತ ಜಾಲತಾಣದಲ್ಲಿಯೂ ಸಹ, ಕೊಡಕೂಡದು. ಅಚ್ಚಿನ ಪ್ರತಿಯನ್ನು ಮಾತ್ರ ಎಲ್ಲಿ ಬೇಕಾದರೂ ಮಾರಬಹುದು. ಪ್ರತಿಯಾಗಿ, ಚಂದಾದಾರರು ಓದಿದ ಪುಟಗಳ ಲೆಕ್ಕದಲ್ಲಿ ಹಣವು ದೊರೆಯುವುದು. ಅವಧಿಯು ಮುಗಿಯುವ ಮುನ್ನ ಬೇಡವೆಂದು ತಿಳಿಸದಿದ್ದರೆ ಕರಾರು ತಾನಾಗಿ ಮುಂದುವರಿಯುವುದು. ೨೦೧೬ರ ಡಿಸೆಂಬರಿನಲ್ಲಿ ಆ ಸಂಸ್ಥೆಯು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳೆಂಬ ಐದು ಭಾಷೆಗಳ ಇ-ಪುಸ್ತಕಗಳನ್ನು ಸಾರಿದಾಗ ಕನ್ನಡದ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್ ೨೦೨೦ರಲ್ಲಿ ಕನ್ನಡ ಇ-ಪುಸ್ತಕಗಳ ಮಾರಾಟವನ್ನು ಆರಂಭಿಸಿತು. ಯಾವ ಅಂಗಡಿಯವನ ಔದಾರ್ಯವೂ ಅವನ ವ್ಯಾಪಾರದ ಲೆಕ್ಕವನ್ನು ಮೀರಿದುದಲ್ಲ. ಒಂದು ಭಾಷೆಯನ್ನು ಸೇರಿಸುವುದೂ ಬಿಡುವುದೂ ಅವನ ಇಚ್ಛೆ.

ಅಂಗಡಿಯು ಮುಚ್ಚುವುದೂ ಅವನ ಇಚ್ಛೆಯೇ. ೨೦೧೯ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯು ತನ್ನ ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ, ವಾಚಕರು ಕೊಂಡಿದ್ದ ಪುಸ್ತಕಗಳೂ ಅವರ ಯಂತ್ರಗಳಿಂದ ಮರೆಯಾದುವು. ಹಣವನ್ನು ಹಿಂದಕ್ಕೆ ಕೊಡಲಾಯಿತು, ಪುಸ್ತಕವನ್ನಲ್ಲ. ಮೂಡಬಿದಿರೆಯ ತಾಳೆಯೋಲೆಗಳು ಒಂದೇ ಕಡೆ ಇದ್ದರೂ ಶತಮಾನಗಳನ್ನು ದಾಟಿದುವು. ಅವುಗಳನ್ನು ಕಾದವರು ಅದನ್ನು ಧರ್ಮವೆಂದು ಬಗೆದಿದ್ದರು. ವ್ಯಾಪಾರದ ಭಂಡಾರದಿಂದ ಆ ನಿಷ್ಠೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಹಾಗಾದರೆ ಇಂತಹ ಕರಾರು ಸರ್ವಥಾ ತ್ಯಾಜ್ಯವೇ? ಅಲ್ಲ. ಅಡಕೆಯ ತೋಟದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬಂದರಿನ ಮಂಡಿಯಿಂದ ಮುಂಗಡವನ್ನು ಪಡೆದವನು ಅಡಕೆಯನ್ನು ಆ ಮಂಡಿಗೇ ಹಾಕಬೇಕು. ಮಳೆಗಾಲದ ಖರ್ಚಿಗೆ ಆ ಹಣವು ಆಸರೆಯಾಗುವುದೂ ನಿಜ, ಧಾರಣೆಯನ್ನು ಕೇಳುವ ಬಾಯಿ ಕಟ್ಟಿಹೋಗುವುದೂ ನಿಜ. ೧೯೭೩ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯು ಹುಟ್ಟಿದ ಮೇಲೆ ಬೆಳೆಗಾರನಿಗೆ ಇನ್ನೊಂದು ಬಾಗಿಲು ತೆರೆಯಿತು. ಅಲ್ಲಿ ಮಾರದವನಿಗೂ ಆ ಬಾಗಿಲಿನ ಇರವೇ ಒಂದು ಬಲವಾಯಿತು.

ಗ್ರಂಥಕರ್ತನೂ ಹಾಗೆಯೇ ತೂಗಿ ನೋಡತಕ್ಕದ್ದು. ಹೆಸರು ಕೇಳದ ಲೇಖಕನ ಮೊದಲ ಪುಸ್ತಕಕ್ಕೆ, ಅನ್ಯತ್ರ ಮಾರಾಟದ ಆಸೆಯೇ ಇಲ್ಲದಿರುವಾಗ, ಮೂರು ತಿಂಗಳ ಕರಾರಿನಿಂದ ನಷ್ಟವು ಅಲ್ಪ, ಲಾಭವು ಸಂಭವನೀಯ. ಆದರೆ ಅವಧಿಯನ್ನು ದಿನಗಳಲ್ಲಿ ಎಣಿಸಲಾಗದ ಕರಾರು, ಅಚ್ಚು, ಧ್ವನಿ, ಭಾಷಾಂತರಗಳನ್ನೆಲ್ಲ ಒಂದೇ ವಾಕ್ಯದಲ್ಲಿ ಬಾಚಿಕೊಳ್ಳುವ ಕರಾರು, ಹೊರಬರುವ ದಾರಿಯನ್ನು ಹೇಳದ ಕರಾರು, ಇವುಗಳಲ್ಲಿ ಪಾಲು ಎಷ್ಟೇ ಹಿರಿದಾಗಿದ್ದರೂ ಅದು ಗ್ರಂಥದ ಬೆಲೆಯಲ್ಲ, ಗ್ರಂಥಕರ್ತನ ಸ್ವಾತಂತ್ರ್ಯದ ಬೆಲೆ. ನೂರಕ್ಕೆ ಎಷ್ಟು ಎಂದು ಕೇಳುವ ಮೊದಲು ಎಷ್ಟು ಕಾಲ, ಯಾವ ರೂಪಕ್ಕೆ, ಹಿಂದಿರುಗುವುದೆಂತು ಎಂಬ ಮೂರನ್ನು ಕೇಳಿಕೊಳ್ಳಬೇಕು. ಮೂಲಪ್ರತಿಯು ತನ್ನ ಮನೆಯಲ್ಲಿರಬೇಕು. ಅಚ್ಚಿನ ಒಂದೆರಡು ಪ್ರತಿಗಳು ಊರಿನ ಪುಸ್ತಕಭಂಡಾರದಲ್ಲಿಯೂ ಇರಬೇಕು. ಕೃತಿಸ್ವಾಮ್ಯವು ಗ್ರಂಥಕರ್ತನ ತರುವಾಯ ೬೦ ವರ್ಷ ಬಾಳುವುದು. ಅಷ್ಟು ಕಾಲ ಬಾಳುವ ಅಂಗಡಿಗಳು ವಿರಳ. ಕರಾರಿಗೆ ರುಜು ಹಾಕುವವನು ತನ್ನ ಮೊಮ್ಮಕ್ಕಳ ಪರವಾಗಿಯೂ ಹಾಕುತ್ತಿರುವನೆಂಬುದನ್ನು ಮರೆಯದಿರಲಿ.