ಕೆಂಪಂಗಿ, ನೀಲಿ ಅಂಗಿ

ನಂಗ ಫುಟ್‌ಬಾಲ್ ಭಾಳ ತಿಳೀತದ ಅಂತೇನಿಲ್ಲ ಮತ್ತ. ಆಫ್‌ಸೈಡ್ ಅಂದ್ರ ಏನು ಅಂತ ಮಗಾ ಡೈನಿಂಗ್ ಟೇಬಲ್ ಮ್ಯಾಲೆ ಉಪ್ಪಿನ ಡಬ್ಬಿ, ಚಮಚಾ ಇಟ್ಟು ನಾಕು ಸರ್ತಿ ತೋರಿಸ್ಯಾನ. ನಾಕೂ ಸರ್ತಿ ಹೂಂ ಅಂದೀನಿ, ಮರ್ತೀನಿ. ಆದ್ರೂ ರೋಮ್ ಊರಿನ ಎರಡು ಟೀಮು, ರೋಮಾ ಮತ್ತ ಲಾಜಿಯೋ, ಎದರಾಬದರಾ ಬಂದ್ರ ನಿದ್ದಿ ಕೆಟ್ಟು ನೋಡ್ತೀನಿ. ಒಂದಽ ಊರು, ಒಂದಽ ಸ್ಟೇಡಿಯಂ. ಅರ್ಧ ಮಂದಿ ಕಡುಕೆಂಪು-ಹಳದಿ, ಇನ್ನರ್ಧ ಆಕಾಶನೀಲಿ. ಚೆಂಡಿಗಿಂತ ನಂಗ ಆ ಮಂದೀನ್ನ ನೋಡೋದಽ ಮಜಾ.

ಮೊನ್ನೆ ಮಗಾ ಕೇಳ್ದ, "ಅವ್ವಾ, ಆಟಗಾರರು ಬದಲಾಗ್ತಾರ, ಕೋಚ್ ಬದಲಾಗ್ತಾನ, ಮಾಲಕರೂ ಬದಲಾಗ್ತಾರ. ಹಂಗಾದ್ರ ಇವ್ರು ಅಳೋದು ಯಾರ ಸಲವಾಗಿ?"

ಈ ಪ್ರಶ್ನೆ ಅದಽ ಊರಾಗ 1900 ವರ್ಷದ ಹಿಂದಽ ಎದ್ದಿತ್ತು ನೋಡ್ರಿ. ಆಗ ಅಲ್ಲಿ ರಥದ ಓಟ. ಪ್ಯಾಲಟೈನ್, ಅವೆಂಟೈನ್ ಅನ್ನೋ ಎರಡು ಗುಡ್ಡದ ನಡುವಿನ ತಗ್ಗಿನ್ಯಾಗ ಸರ್ಕಸ್ ಮ್ಯಾಕ್ಸಿಮಸ್ ಅಂತ ಮೈದಾನ, ಸುಮಾರು 600 ಮೀಟರ್ ಉದ್ದ. ಒಂದು ಓಟಕ್ಕ ಏಳು ಸುತ್ತು. ಓಡಸವ್ರದು ನಾಕು ಪಂಗಡ: ಕೆಂಪು, ಬಿಳಿ, ನೀಲಿ, ಹಸರು. ಕತ್ತಿಕಾಳಗದ ಅಖಾಡಾದಾಗ ಹೆಂಗಸರನ್ನ ಅಗದೀ ಮ್ಯಾಲಿನ ಸಾಲಿಗೆ ಅಟ್ಟತಿದ್ರಂತ, ಇಲ್ಲಿ ಮಾತ್ರ ಗಂಡಸರು ಹೆಂಗಸರು ಕೂಡೇ ಕೂಡತಿದ್ರು.

ಪ್ಲಿನಿ ಅಂತ ಒಬ್ಬ ವಕೀಲ ಗೆಳೆಯಗ ಪತ್ರಾ ಬರದಾನ: ಈ ಮಂದಿಗೆ ಕುದರಿ ಓಟಾನೂ ಬ್ಯಾಡ, ಓಡಸವನ ಕೈಚಳಕಾನೂ ಬ್ಯಾಡ, ಬಟ್ಟಿ ಒಂದಽ ಬೇಕು. ಓಟದ ನಟ್ಟನಡುವ ಅಂಗಿ ಅದಲಾಬದಲಿ ಮಾಡಿದ್ರ, ಇಷ್ಟೊತ್ತನಕ ಹೆಸರು ಹಿಡದು ಕೂಗಿದವನ್ನ ಬಿಟ್ಟು ಬಟ್ಟಿ ಹಿಂದ ಹೋಗ್ತಾರ ಅಂತ. ತನಗ ಇದು ಸೇರಂಗಿಲ್ಲ ಅನ್ನೋದಽ ಅವಗ ಹೆಮ್ಮೆ. ಎಲ್ಲಾರ ಮನ್ಯಾಗೂ ಇಂಥಾ ಒಬ್ಬ ಕಾಕಾ ಇರ್ತಾನ!

ಆದ್ರ ಅಂವಾ ಹೇಳಿದ್ದು ಸುಳ್ಳಲ್ಲ. ಡಯೋಕ್ಲಿಸ್ ಅನ್ನೋ ಸಾರಥಿ 24 ವರ್ಷ ಓಡಿಸಿ 1462 ಸರ್ತಿ ಗೆದ್ದ. ಮೊದಲು ಬಿಳಿ ಅಂಗಿ, ಆಮ್ಯಾಲೆ ಹಸರು, ಆಮ್ಯಾಲೆ ಕೆಂಪು, ಅಗದೀ ಈಗಿನ ಟ್ರಾನ್ಸ್‌ಫರ್ ಇದ್ದಂಗ. ರೋಮಾದ ತೊತ್ತಿ ಹಂಗ 25 ಸೀಸನ್ ಒಂದಽ ಅಂಗಿಯೊಳಗ ಕಳದವ್ರು ಆಗೂ ಈಗೂ ಅಪರೂಪ. ಫೆಲಿಕ್ಸ್ ಅನ್ನೋ ಕೆಂಪು ಪಂಗಡದ ಸಾರಥಿ ಸತ್ತಾಗ ಅಭಿಮಾನಿಯೊಬ್ಬ ಅವನ ಚಿತಿಗೆ ಹಾರಿದ್ನಂತ. ಎದುರಿನ ಪಂಗಡದವ್ರು ಸುಮ್ಮನಾದ್ರೇನು? "ಪ್ರೀತಿ ಎಲ್ಲೀದು, ಧೂಪದ ವಾಸನಿಗೆ ತಲಿ ತಿರುಗಿ ಬಿದ್ದಾನ" ಅಂದ್ರು. ಈಗಿನ ಫ್ಯಾನ್‌ಗೋಳು ಮೊಬೈಲ್‌ನ್ಯಾಗ ಬಡದಾಡೋದು ಇನ್ನೇನದ?

ಬಟ್ಟಿ ಮ್ಯಾಲೆ ಇಷ್ಟು ಪ್ರೀತಿ ಯಾಕ ಅಂದ್ರ, ನಂಗ ಪ್ಲಿನಿಗಿಂತ ಥಿಯೊಡೋರಾನ ಕಥಿ ಖರೇ ಅನಸ್ತದ. ಇದು ಅವನಿಗಿಂತ 400 ವರ್ಷ ಈಚಿನ ಮಾತು. ಆಗ ರೋಮನ್ನರ ರಾಜಧಾನಿ ಕಾನ್‌ಸ್ಟಾಂಟಿನೋಪಲ್, ಈಗಿನ ಇಸ್ತಾಂಬುಲ್. ಥಿಯೊಡೋರಾನ ಅಪ್ಪ ಹಸರು ಪಂಗಡದಾಗ ಕರಡಿ ಸಾಕವ. ಅಂವಾ ಸತ್ತಾಗ ಮೂರು ಹೆಣ್ಣುಮಕ್ಕಳು, ಹಿರೇಕಿಗೇ ಇನ್ನೂ ಏಳು ತುಂಬಿರಲಿಲ್ಲ. ಅವ್ವ ಮತ್ತೊಬ್ಬನ್ನ ಲಗ್ನಾ ಆದ್ಲು. ಇವಗ ಆ ಕೆಲಸಾ ಸಿಕ್ರ ಹೊಟ್ಟಿ ತುಂಬೀತು ಅಂತ. ಹಸರಿನ ಅಧಿಕಾರಿ ಲಂಚಾ ತಿಂದು ಬ್ಯಾರೆಯವ್ರಿಗೆ ಕೊಟ್ಟಾ. ಆಗ ಆ ತಾಯಿ ಮೂರೂ ಕೂಸಿನ ತಲಿಗೆ ಹೂವಿನ ದಂಡಿ ಕಟ್ಟಿ, ಕೈಯಾಗ ಹೂವಿನ ಹಾರಾ ಕೊಟ್ಟು, ತುಂಬಿದ ಮೈದಾನದಾಗ ಬೇಡಲಿಕ್ಕೆ ಕೂಡಿಸಿದ್ಲು. ಹಸರಿನವ್ರು ತಿರುಗಿ ನೋಡಲಿಲ್ಲ. ನೀಲಿಯವ್ರ ಕರಡಿಯವಾ ಆಗಷ್ಟ ಸತ್ತಿದ್ದ. ಅವ್ರು ಕರದು ಕೆಲಸಾ ಕೊಟ್ರು.

ಆ ಹುಡುಗಿ ಮುಂದ ಜಸ್ಟಿನಿಯನ್ ಬಾದಶಹಾನ ರಾಣಿ ಆದ್ಲು. ಆದಮ್ಯಾಲೂ ನೀಲಿನಽ.

ಕಥಿ ಇಲ್ಲಿಗೇ ಮುಗದಿದ್ರ ಎಷ್ಟು ಛಂದಿತ್ತು. 532ರ ಜನವರಿಯೊಳಗ, ಗಲ್ಲಿಗೆ ಹಾಕೋ ವಿಷಯದಿಂದ ಶುರುವಾದ ಜಗಳಾ ಹತ್ತಿ, ಎಂದೂ ಕೂಡದ ನೀಲಿ-ಹಸರು ಕೂಡಿ ಬಾದಶಹಾನ ಮ್ಯಾಲೇ ತಿರುಗಿಬಿದ್ರು. ಊರು ಉರೀತು. ಅಂವಾ ಹಡಗು ಹತ್ತಿ ಓಡಿಹೋಗೋ ವಿಚಾರದಾಗಿದ್ದ. ಬ್ಯಾಡ, ಇಲ್ಲೇ ನಿಲ್ಲೋಣು ಅಂದಾಕಿ ಥಿಯೊಡೋರಾ ಅಂತ ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರದಾನ. ಸೈನ್ಯ ಮೈದಾನಕ್ಕ ಹೊಕ್ಕು ಕಡೀತು. ನೀಲಿ ಯಾರು, ಹಸರು ಯಾರು ನೋಡಲಿಲ್ಲ. ಸತ್ತವ್ರು 30,000ಕ್ಕಿಂತ ಹೆಚ್ಚು ಅಂತ ಅವನದಽ ಲೆಕ್ಕ. ಆ ಕೂಸುಗೋಳು ಹೂವಿನ ದಂಡಿ ಕಟಗೊಂಡು ಕೂತಿದ್ದು ಇದಽ ಮೈದಾನದಾಗ.

ಇಷ್ಟೂ ಹೇಳಿದ ಮ್ಯಾಲೆ ಮಗಾ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾದ್ರ ಕಡೀಕೆ ಅಕಿ ಯಾವ ಟೀಮು?"

ನಂಗ ಏನು ಹೇಳಬೇಕೋ ತಿಳೀಲಿಲ್ಲ. ಅಷ್ಟೊತ್ತಿಗೆ ಎರಡನೇ ಹಾಫ್ ಶುರು ಆತು.