ಸಿಬ್ಬು ಅಂಟುರೋಗವೇ? ಅದರ ಹಿಂದಿರುವ ಯೀಸ್ಟನ್ನು ಗುರುತಿಸುವುದು ಹೇಗೆ?

ಬೆನ್ನು, ಎದೆ, ಕುತ್ತಿಗೆ, ತೋಳಿನ ಮೇಲೆ ಬಿಳಿ ಅಥವಾ ಕಂದು ಮಚ್ಚೆಗಳು, ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು. ಇದು ಹೆಚ್ಚಾಗಿ ಸಿಬ್ಬು. ಕೆಲವು ಕಡೆ ಚಿಬ್ಬು ಎನ್ನುತ್ತಾರೆ. ವೈದ್ಯರು ಕರೆಯುವ ಹೆಸರು ಪಿಟಿರಿಯಾಸಿಸ್ ವರ್ಸಿಕಲರ್. ಇದು ತೊನ್ನಿನ ಆರಂಭ, ಮುಟ್ಟಿದರೆ ಅಂಟುತ್ತದೆ, ಸ್ನಾನ ಮಾಡದವರಿಗೆ ಬರುತ್ತದೆ ಎಂಬ ಮಾತುಗಳು ಆಗಾಗ ಹರಿದಾಡುತ್ತವೆ. ಮೂರೂ ತಪ್ಪು.

ಕಾರಣ ಏನು?

ಸಿಬ್ಬಿಗೆ ಕಾರಣ ಮಲಸೇಜಿಯಾ ಎಂಬ ಯೀಸ್ಟ್. ಇದು ಹೊರಗಿನಿಂದ ಬರುವುದಿಲ್ಲ. ಆರೋಗ್ಯವಂತರೆಲ್ಲರ ಚರ್ಮದ ಮೇಲೂ ಇರುತ್ತದೆ, ಚರ್ಮದ ಜಿಡ್ಡನ್ನೇ ತಿಂದು ಬದುಕುತ್ತದೆ. ಸೆಕೆ, ಬೆವರು, ಎಣ್ಣೆಚರ್ಮ ಇದ್ದಾಗ ಕೆಲವರಲ್ಲಿ ಇದು ಎಳೆಗಳಾಗಿ ಬೆಳೆದು, ಚರ್ಮದ ಬಣ್ಣ ತಯಾರಾಗುವುದಕ್ಕೆ ಅಡ್ಡಿಯಾಗುತ್ತದೆ. ಆಗ ಮಚ್ಚೆ ಕಾಣುತ್ತದೆ. ಹದಿಹರೆಯದವರಲ್ಲಿ, ಯುವಕ ಯುವತಿಯರಲ್ಲಿ ಹೆಚ್ಚು.

ಒಂದೇ ಯೀಸ್ಟ್ ಅಲ್ಲ

1846ರಲ್ಲಿ ಜರ್ಮನಿಯ ಐಕ್‌ಸ್ಟೆಡ್ ಈ ಕಾಯಿಲೆಗೆ ಶಿಲೀಂಧ್ರ ಕಾರಣ ಎಂದು ತೋರಿಸಿದರು. ಫ್ರಾನ್ಸಿನ ವಿಜ್ಞಾನಿ ಮಲಾಸೆ ಅವರ ನೆನಪಿಗೆ 1889ರಲ್ಲಿ ಮಲಸೇಜಿಯಾ ಎಂಬ ಹೆಸರು ಬಂತು. ಬಹುಕಾಲ ಎಲ್ಲವನ್ನೂ ‘ಮಲಸೇಜಿಯಾ ಫರ್ಫರ್’ ಎಂದೇ ಬರೆಯುತ್ತಿದ್ದರು. 1996ರಲ್ಲಿ ಇದನ್ನು ಏಳು ಪ್ರಭೇದಗಳಾಗಿ ವಿಂಗಡಿಸಲಾಯಿತು. ಈಗ ಹದಿನೈದಕ್ಕೂ ಹೆಚ್ಚು ಪ್ರಭೇದಗಳು ಗೊತ್ತಿವೆ. ಸಿಬ್ಬಿನಲ್ಲಿ ಹೆಚ್ಚಾಗಿ ಸಿಗುವವು ಗ್ಲೋಬೋಸಾ, ಸಿಂಪೋಡಿಯಾಲಿಸ್ ಮತ್ತು ಫರ್ಫರ್. ಯಾವುದು ಮುಂದು ಎಂಬುದು ಊರು, ಹವೆಗೆ ತಕ್ಕಂತೆ ಬದಲಾಗುತ್ತದೆ.

ಲ್ಯಾಬಿನಲ್ಲಿ ಗುರುತಿಸುವ ಬಗೆ

1. ಮಚ್ಚೆಯ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತುಂಡು ಶಾವಿಗೆಯ ನಡುವೆ ಸಣ್ಣ ಉಂಡೆಗಳು ಬಿದ್ದಂತೆ ಕಾಣುತ್ತದೆ. ಸಿಬ್ಬು ಎನ್ನಲು ಇಷ್ಟು ಸಾಕು. ಪ್ರಭೇದ ಯಾವುದೆಂದು ಇದರಿಂದ ತಿಳಿಯುವುದಿಲ್ಲ.

2. ಪ್ರಭೇದ ತಿಳಿಯಲು ಯೀಸ್ಟನ್ನು ಬೆಳೆಸಬೇಕು. ಸಾಮಾನ್ಯ ಮಾಧ್ಯಮದಲ್ಲಿ ಬಹುಪಾಲು ಮಲಸೇಜಿಯಾ ಬೆಳೆಯುವುದಿಲ್ಲ, ಅದಕ್ಕೆ ಕೊಬ್ಬು ಬೇಕು. ಆದ್ದರಿಂದ ಆಲಿವ್ ಎಣ್ಣೆ ಸುರಿದ ಅಥವಾ ಕೊಬ್ಬು ಬೆರೆಸಿದ ಮಾಧ್ಯಮದಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ನಾಯಿಗಳ ಕಿವಿಯಲ್ಲಿ ಸಿಗುವ ಪ್ಯಾಕಿಡರ್ಮಾಟಿಸ್ ಮಾತ್ರ ಎಣ್ಣೆಯಿಲ್ಲದೆಯೂ ಬೆಳೆಯುತ್ತದೆ.

3. ಬೆಳೆದ ಯೀಸ್ಟಿನ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸುತ್ತಾರೆ. ಹೆಚ್ಚಿನವು ಗುಳ್ಳೆ ಬಿಡುತ್ತವೆ, ರೆಸ್ಟ್ರಿಕ್ಟಾ ಬಿಡುವುದಿಲ್ಲ. ಟ್ವೀನ್ ಎಂಬ ಕೊಬ್ಬಿನ ಸಂಯುಕ್ತಗಳಲ್ಲಿ ಯಾವುದನ್ನು ಬಳಸಿ ಬೆಳೆಯುತ್ತದೆ ಎಂದೂ ನೋಡುತ್ತಾರೆ. ಫರ್ಫರ್ ಎಲ್ಲವನ್ನೂ ಬಳಸುತ್ತದೆ. ಗ್ಲೋಬೋಸಾ ಬಳಸುವುದಿಲ್ಲ, ಅದರ ಕೋಶಗಳು ಗುಂಡಗಿರುತ್ತವೆ.

4. ಇಷ್ಟರಲ್ಲೂ ಗೊಂದಲ ಉಳಿದರೆ ಡಿಎನ್‌ಎ ಪರೀಕ್ಷೆ.

ರೋಗಿಗೆ ಇದೆಲ್ಲ ಬೇಕೇ?

ಸಾಮಾನ್ಯವಾಗಿ ಬೇಡ. ಪ್ರಭೇದ ಯಾವುದಾದರೂ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ: ಕೀಟೋಕೊನಜೋಲ್ ಅಥವಾ ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂ, ಫಂಗಸ್ ವಿರೋಧಿ ಕ್ರೀಮ್. ಮಚ್ಚೆ ತುಂಬ ಹರಡಿದ್ದರೆ ಮಾತ್ರೆಯನ್ನು ವೈದ್ಯರೇ ಬರೆಯಬೇಕು. ಪ್ರಭೇದ ಪತ್ತೆ ಮುಖ್ಯವಾಗಿ ಸಂಶೋಧನೆಗೆ ಬೇಕಾದ ಕೆಲಸ.

ನೆನಪಿಡಿ

• ಮೈಗೆ ಎಣ್ಣೆ ಹಚ್ಚಿ ಬಿಡುವುದು ಸಿಬ್ಬಿಗೆ ಮದ್ದಲ್ಲ. ಈ ಯೀಸ್ಟಿಗೆ ಜಿಡ್ಡೇ ಆಹಾರ.
• ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಕ್ರೀಮ್ ತರಬೇಡಿ. ಅದು ಶಿಲೀಂಧ್ರವನ್ನು ಹೆಚ್ಚಿಸಬಹುದು, ಚರ್ಮವನ್ನು ತೆಳುವಾಗಿಸಬಹುದು.
• ಯೀಸ್ಟ್ ಹತೋಟಿಗೆ ಬಂದ ಮೇಲೂ ಬಣ್ಣ ಮರಳಲು ತಿಂಗಳುಗಳು ಬೇಕು. ಮದ್ದು ಕೆಲಸ ಮಾಡಲಿಲ್ಲ ಎಂದುಕೊಳ್ಳಬೇಡಿ. ಸೆಕೆಗಾಲದಲ್ಲಿ ಸಿಬ್ಬು ಮತ್ತೆ ಬರುವುದೂ ಉಂಟು.
• ತೊನ್ನಿನ ಮಚ್ಚೆ ಹಾಲಿನಂತೆ ಬಿಳಿ, ಅದರಲ್ಲಿ ಹೊಟ್ಟು ಇರುವುದಿಲ್ಲ. ಅದೂ ಅಂಟುವುದಿಲ್ಲ.
• ಮಚ್ಚೆಯ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠದ ಲಕ್ಷಣವಾಗಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧಿ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ.

ಒಟ್ಟಿನಲ್ಲಿ: ಸಿಬ್ಬು ಕೊಳಕಿನ ಗುರುತಲ್ಲ, ಅಂಟುವ ಕಾಯಿಲೆಯೂ ಅಲ್ಲ. ಸಿಬ್ಬು ಇರುವವರನ್ನು ದೂರ ಇಡಿ ಎನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.